ಮಳೆ ಪುಸ್ತಕಕ್ಕೆ ಒಂದು ವರ್ಷ: ಎಲ್ಲರಿಗೂ ಥ್ಯಾಂಕ್ಸ್

ನಿನ್ನೆ ಮೇ 31. ದಿನಾ ಎಷ್ಟು ಮಳೆ ಬಿತ್ತು ಅಂತ ಅಳೆದು ಬರೆದಿಡುವ ನಮ್ಮ ಶಾಲೆಯ ಮಳೆ ಪುಸ್ತಕಕ್ಕೆ ಒಂದು ವರ್ಷ ತುಂಬಿತು. ಕೊಡಗಿನ ಸೋಮವಾರಪೇಟೆ ಕಡೆಯ ಸಣ್ಣ ಸರ್ಕಾರಿ ಶಾಲೆ ನಮ್ಮದು. ಇದು ನಾನೊಬ್ಬಳೇ ಮಾಡಿದ ಕೆಲಸ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಳೆದ ಜೂನ್‌ನಲ್ಲಿ ಐದನೇ ಕ್ಲಾಸಿನ ಮಕ್ಕಳು ನೀರಿನ ಬಾಟಲಿ ಕತ್ತರಿಸಿ ಮಳೆಮಾಪಕ ಮಾಡಿದರು. ಬಾಟಲಿಯ ತಳ ಉಬ್ಬುತಗ್ಗು ಇರುತ್ತದಲ್ಲ, ಅದಕ್ಕೆ ಸಿಮೆಂಟ್ ಹಾಕಿ ಸಮ ಮಾಡಿ, ಹೊರಗಡೆ ಸ್ಕೇಲ್ ಅಂಟಿಸಿದರು. ಮರ, ಮಾಡಿನ ನೀರು ಎರಡೂ ತಾಗದ ಹಾಗೆ ಅಂಗಳದ ನಡುವೆ ಇಟ್ಟೆವು. ಮೊದಲ ದಿನವೇ ಒಬ್ಬ ಕೇಳಿದ: "ಮಿಸ್, ದೊಡ್ಡ ಪಾತ್ರೆ ಇಟ್ರೆ ಜಾಸ್ತಿ ಮಳೆ ಸಿಗುತ್ತೆ ಅಲ್ವಾ?" ಉತ್ತರ ಹೇಳಲಿಲ್ಲ. ಬಿಸಿಯೂಟದ ಅಕ್ಕನ ಹತ್ತಿರ ನೇರ ಗೋಡೆಯ ದೊಡ್ಡ ಪಾತ್ರೆ ಇಸ್ಕೊಂಡು ಬಾ ಅಂದೆ, ಬಾಟಲಿ ಪಕ್ಕ ಇಟ್ಟೆವು. ಮರುದಿನ ಪಾತ್ರೆಯಲ್ಲಿ ನೀರೇನೋ ಜಾಸ್ತಿ ಇತ್ತು, ಆದರೆ ಸ್ಕೇಲ್ ಇಳಿಸಿ ನೋಡಿದರೆ ಎರಡರಲ್ಲೂ ಎತ್ತರ ಒಂದೇ. ಅವನು ನಂಬದೆ ಮೂರು ಸಲ ಅಳೆದ. ಆ ಮುಖ ನಾನು ಮರೆಯಲ್ಲ.

ಪಕ್ಕದ ತೋಟದ ಅಜ್ಜನಿಗೆ ದೊಡ್ಡ ನಮಸ್ಕಾರ. ನಮ್ಮಲ್ಲಿ ತೋಟದವರು ಮಳೆ ಲೆಕ್ಕ ಹೇಳುವುದು ಇಂಚು, ಸೆಂಟ್‌ನಲ್ಲಿ ತಾನೇ? ಸೆಂಟ್ ಅಂದರೆ ಇಂಚಿನ ನೂರರಲ್ಲೊಂದು ಭಾಗ. ಅಜ್ಜ ತಮ್ಮ ಹಳೇ ಮಳೆ ಪುಸ್ತಕ ತಂದು, ಬೆಂಚಿನ ಮೇಲೆ ಮಕ್ಕಳ ನಡುವೆಯೇ ಕೂತು ತೋರಿಸಿದರು. ಒಂದು ಇಂಚಿಗೆ 25.4 ಮಿಲಿಮೀಟರ್, ಹಾಗಾದರೆ 3 ಇಂಚು 20 ಸೆಂಟ್ ಎಷ್ಟು? ದಶಮಾಂಶ ಅಂದರೆ ಓಡುತ್ತಿದ್ದ ಮಕ್ಕಳು ಜಗಳ ಮಾಡಿಕೊಂಡು ಲೆಕ್ಕ ಹಾಕಿ 81 ದಾಟುತ್ತೆ ಅಂದರು. ಮಾರ್ಚ್‌ನಲ್ಲಿ ಹೂಮಳೆ ಬಿದ್ದಾಗ, ಎಷ್ಟು ದಿನಕ್ಕೆ ಕಾಫಿ ಹೂ ಬಿಡುತ್ತೆ ಅಂತ ದಿನ ಎಣಿಸಿದವರೂ ಈ ಮಕ್ಕಳೇ.

2018ರ ಆಗಸ್ಟಿನ ಪ್ರವಾಹ, ಭೂಕುಸಿತವನ್ನು ನಮ್ಮ ಕಡೆ ಯಾರೂ ಮರೆತಿಲ್ಲ. ಮಳೆ ಜೋರಾದರೆ ಈಗಲೂ ಎಷ್ಟೋ ಮನೆಗಳಲ್ಲಿ ನಿದ್ದೆ ಹತ್ತಲ್ಲ. ಅಂಥ ದಿನಗಳಲ್ಲೇ ಶಾಲೆಗೆ ರಜೆ ಕೊಡುತ್ತಾರೆ, ಅಳೆಯಬೇಕಾದ್ದೂ ಅವತ್ತೇ. ಶಾಲೆ ಪಕ್ಕದಲ್ಲೇ ಮನೆ ಇರುವ ಬಿಸಿಯೂಟದ ಅಕ್ಕ, ನೀವು ಪ್ರತಿ ರಜೆಯಲ್ಲೂ ಬೆಳಿಗ್ಗೆ 8:30ಕ್ಕೆ ಕೊಡೆ ಹಿಡಿದು ಹೋಗಿ ನೋಡಿ ನನಗೆ ವಾಯ್ಸ್ ಮೆಸೇಜ್ ಹಾಕಿದಿರಿ. ಹಿಂದೆ ಗಾಳಿ ಸದ್ದು, ನಡುವೆ ನಿಮ್ಮ "ನಲವತ್ತೆರಡು, ಟೀಚರ್". ಆ ಮೆಸೇಜ್ ಯಾವುದನ್ನೂ ಅಳಿಸಿಲ್ಲ, ಅಕ್ಕ.

ಜುಲೈನಲ್ಲಿ ಒಂದು ರಾತ್ರಿ ಗಾಳಿಗೆ ಬಾಟಲಿಯೇ ಹಾರಿಹೋಯಿತು. ಬೆಳಿಗ್ಗೆ ಯಾರೋ ಪುಸ್ತಕದಲ್ಲಿ ಸೊನ್ನೆ ಬರೆಯಲು ಹೊರಟಾಗ ತೋಟದ ಕೆಲಸಗಾರರ ಲೈನ್ ಮನೆಯಿಂದ ಬರುವ ಹುಡುಗಿ, ಕ್ಲಾಸಲ್ಲಿ ಬಾಯಿ ಬಿಡುವುದೇ ಅಪರೂಪ, ಪೆನ್ಸಿಲ್ ಹಿಡಿದು ತಡೆದಳು. "ಸೊನ್ನೆ ಅಂದ್ರೆ ಮಳೆ ಬಂದಿಲ್ಲ ಅಂತ. ಮಳೆ ಬಂದಿತ್ತು. ನಾವು ಅಳೆದಿಲ್ಲ ಅಷ್ಟೇ."

ಆ ಸಾಲು ಹಾಗೇ ಖಾಲಿ ಬಿಟ್ಟಿದ್ದೇವೆ. ಇವತ್ತು ಹೊಸ ಪುಸ್ತಕದ ಮೊದಲ ಸಾಲು ಅವಳ ಕೈಯಲ್ಲೇ ಬರೆಸಿದೆ. ಥ್ಯಾಂಕ್ಸ್, ಪುಟ್ಟಿ.