ಸೈಲೆನ್ಸರ್ ಬೇರೆ, ಫೋನ್ ಚಾರ್ಜರ್ ಬೇರೆ: ಬೈಕಿಗೆ ಏನು ಹಾಕ್ಬೋದು ಅಂತ ಕನ್ನಡದಲ್ಲಿ ಪಟ್ಟಿ ಕೊಡಿ

ಸಂಪಾದಕರಿಗೆ ನಮಸ್ಕಾರ,

ಜೋರು ಸದ್ದಿನ ಸೈಲೆನ್ಸರ್‌ಗಳನ್ನ ಪೊಲೀಸ್ನೋರು ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸೋ ಫೋಟೋ ಪೇಪರಲ್ಲಿ ಆಗಾಗ ಬರ್ತಿರುತ್ತೆ. ಅದನ್ನ ನಾನು ಪೂರ್ತಿ ಒಪ್ತೀನಿ, ರಾತ್ರಿ ಹೊತ್ತು ಆಸ್ಪತ್ರೆ ಮುಂದೆ ಆ ಸದ್ದು ಕೇಳಿದೋರು ಯಾರೂ ಬೇಡ ಅನ್ನಲ್ಲ. ಆದ್ರೆ ಮನೆ ಮುಂದೆ ಕೂತು ಸ್ಪ್ಯಾನರ್ ಹಿಡ್ಕೊಂಡು ತನ್ನ ಬೈಕಿಗೆ ಬೇಕಾದ್ದನ್ನ ತಾನೇ ಕೂರಿಸ್ಕೊಳ್ಳೋ ಹುಡುಗರನ್ನೂ ಅದೇ ಸಾಲಿಗೆ ಸೇರಿಸಿ ಮಾತಾಡೋದು ಸರಿಯಲ್ಲ ಅನ್ಸುತ್ತೆ, ಅದಕ್ಕೇ ಈ ಕಾಗದ.

ನಮ್ಮಲ್ಲಿ ಯಮಹಾ ಆರ್15 ಎಷ್ಟು ಓಡಾಡ್ತಾವೆ ನೋಡಿ. 2008ರಲ್ಲಿ ಬಂದಾಗ 150 ಸಿಸಿಲೇ ಇಂಜಿನ್ ತಂಪು ಮಾಡೋ ರೇಡಿಯೇಟರ್, ಆರು ಗೇರ್, ಫ್ಯುಯೆಲ್ ಇಂಜೆಕ್ಷನ್ ಎಲ್ಲಾ ಇತ್ತು, ಕಾಲೇಜ್ ಹುಡುಗರು ಮುಗಿಬಿದ್ರು, ಈಗ್ಲೂ ಸೆಕೆಂಡ್ ಹ್ಯಾಂಡಲ್ಲಿ ಹುಡುಕಿ ತಗೊಳ್ತಾರೆ. ಒಳ್ಳೆ ಬೈಕು. ಆದ್ರೆ ಅದನ್ನ ಮಾಡಿರೋದು ಬಗ್ಗಿ ಕೂತು ಜೋರಾಗಿ ಓಡಿಸೋಕೆ, ನಾವು ಓಡಿಸೋದು ಆಫೀಸಿಗೆ, ಊರಿಗೆ, ಮಲೆನಾಡಿನ ಮಳೇಲಿ. ಮಣಿಕಟ್ಟು ನೋಯುತ್ತೆ, ಮುಂದಿನ ಚಕ್ರ ಎರಚೋ ಕೆಸರು ನೇರ ರೇಡಿಯೇಟರ್‌ಗೆ ಹೊಡೆಯುತ್ತೆ, ಹಿಂದೆ ಕೂತೋರಿಗೆ ಹಿಡ್ಕೊಳ್ಳೋಕೂ ಸರಿಯಾಗಿ ಜಾಗ ಇಲ್ಲ. ಹಂಗಾಗಿ ಜನ ಏನಾದ್ರೂ ಮಾಡ್ಕೊಳ್ತಾರೆ, ಅದ್ರಲ್ಲಿ ಬಹಳಷ್ಟು ನಿಜವಾಗ್ಲೂ ಒಳ್ಳೇ ಕೆಲಸ.

ಹಾರ್ಡ್‌ವೇರ್ ಅಂಗಡೀಲಿ ಸಿಗೋ ಅಲ್ಯೂಮಿನಿಯಂ ಜಾಲರಿ ಕತ್ತರಿಸಿ ರೇಡಿಯೇಟರ್ ಮುಂದೆ ಕಟ್ಟಿದ್ರೆ ಸಣ್ಣ ಕಲ್ಲು ಬಡಿದು ಅದ್ರ ತೆಳು ತಗಡಿನ ಫಿನ್ ಬಾಗೋದು ತಪ್ಪುತ್ತೆ, ಜಾಲರಿ ಕಣ್ಣು ಮಾತ್ರ ಸೊಳ್ಳೆ ಪರದೆ ಥರ ಸಣ್ಣ ಇರಬಾರದು, ಗಾಳಿ ನುಗ್ಗದೆ ಇಂಜಿನ್ ಬಿಸಿ ಆಗುತ್ತೆ. ಮುಂದಿನ ಮಡ್‌ಗಾರ್ಡ್ ತುದಿಗೆ ದಪ್ಪ ಪ್ಲಾಸ್ಟಿಕ್ ಶೀಟಿನ ತುಂಡು ರಿವೆಟ್ ಹೊಡೆದು ಉದ್ದ ಮಾಡ್ಕೊಂಡ್ರೆ ಕೆಸರೂ ಅರ್ಧಕ್ಕರ್ಧ ಕಮ್ಮಿ. ಚೌಕ ಪೈಪ್ ತಗೊಂಡು ಹೋಗಿ ವೆಲ್ಡಿಂಗ್ ಶಾಪಲ್ಲಿ ಪ್ಯಾಡಕ್ ಸ್ಟ್ಯಾಂಡ್ ಮಾಡಿಸ್ಕೊಂಡ್ರೆ ಹಿಂದಿನ ಚಕ್ರ ಎತ್ತಿ ನಿಲ್ಲಿಸಿ ಚೈನ್ ಕ್ಲೀನ್ ಮಾಡೋದು ಸಲೀಸು, ಚೈನ್ ಚೆನ್ನಾಗಿದ್ರೆ ಬೈಕೂ ಸೇಫು. ಇದ್ರಲ್ಲಿ ಯಾರಿಗೆ ತೊಂದ್ರೆ ಹೇಳಿ.

ತೊಂದ್ರೆ ಶುರುವಾಗೋದು ವೈರಿಂಗಿಗೆ ಕೈ ಹಾಕಿದಾಗ, ಇಲ್ಲಿ ನಮ್ಮ ಹುಡುಗರಿಗೆ ಹೇಳಿಕೊಡೋರೇ ಇಲ್ಲ. 35 ವ್ಯಾಟ್ ಬಲ್ಬ್ ಇರೋ ಕಡೆ ಕಾರಿನ 60 ವ್ಯಾಟ್ ಬಲ್ಬ್ ತುರುಕ್ತಾರೆ, 12 ವೋಲ್ಟಿಗೆ ಲೆಕ್ಕ ಹಾಕಿ, ಮೂರು ಆಂಪಿಯರ್ ಹರೀತಿದ್ದ ಸಣ್ಣ ವೈರಲ್ಲಿ ಐದು ಆಂಪಿಯರ್ ಹರಿಯುತ್ತೆ, ಹೋಲ್ಡರ್ ಕರಗುತ್ತೆ, ಸ್ವಿಚ್ ಸುಡುತ್ತೆ. ಎಕ್ಸ್‌ಟ್ರಾ ಫಾಗ್ ಲೈಟ್ ಹಾಕೋರು ರಿಲೇ ಇಲ್ದೆ ನೇರವಾಗಿ ಹಾರ್ನ್ ವೈರಿಗೆ ಸುತ್ತಿ ಮೇಲೆ ಕಪ್ಪು ಟೇಪ್ ಹಾಕಿಬಿಡ್ತಾರೆ, ಮೊದಲ ಮಳೆಗೇ ಟೇಪ್ ಅಂಟು ಬಿಡುತ್ತೆ. ರಿಲೇ ಅಂದ್ರೆ ಸ್ವಿಚ್ಚಿನ ಸಣ್ಣ ಕರೆಂಟಿಂದ ಲೈಟಿನ ದೊಡ್ಡ ಕರೆಂಟನ್ನ ಆನ್ ಆಫ್ ಮಾಡೋ ಡಬ್ಬಿ, ದೊಡ್ಡ ವಿದ್ಯೆ ಏನಲ್ಲ. ಅದ್ರ ಮೇಲೇ ನಂಬರ್ ಬರೆದಿರುತ್ತೆ, 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ಬರೋ ವೈರು, 87ರಿಂದ ಲೈಟಿಗೆ, 85 ಮತ್ತು 86ರಲ್ಲಿ ಒಂದು ಸ್ವಿಚ್ ಕಡೆಗೆ, ಇನ್ನೊಂದು ಅರ್ತಿಗೆ, ಅಷ್ಟೇ. ಫ್ಯೂಸ್ ಬ್ಯಾಟರಿ ಹತ್ರಾನೇ ಇರಬೇಕು, ದೂರ ಇಟ್ರೆ ಮಧ್ಯದಲ್ಲಿ ಶಾರ್ಟ್ ಆದಾಗ ಅದು ಇದ್ದೂ ಪ್ರಯೋಜನ ಇಲ್ಲ. ಫೋನ್ ಚಾರ್ಜರ್ ಎಳೆಯೋದು ಒಂದು ಆಂಪಿಯರ್ ಆಸುಪಾಸು, ಅದಕ್ಕೂ ಒಂದು ಸಣ್ಣ ಫ್ಯೂಸ್ ಹಾಕಿ, ಕೀ ಆನ್ ಆದಾಗ ಮಾತ್ರ ಕರೆಂಟ್ ಬರೋ ಲೈನಿಂದ ತಗೊಳ್ಳಿ, ಇಲ್ಲಾಂದ್ರೆ ನಾಲ್ಕು ದಿನ ನಿಲ್ಲಿಸಿದ್ರೆ ಈ ಚಿಕ್ಕ ಬ್ಯಾಟರಿ ಕೂತು ಹೋಗುತ್ತೆ.

ಹ್ಯಾಂಡಲ್ ಸ್ವಲ್ಪ ಎತ್ತರಿಸ್ಕೊಳ್ಳೋರು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡ್ಲೇಬೇಕು, ಬ್ರೇಕ್ ಹೋಸ್ ಎಳೆದಂಗಾಗ್ತಿದ್ಯಾ, ಆಕ್ಸಲರೇಟರ್ ಕೇಬಲ್ ಬಿಗಿಯಾಗಿ ತಾನಾಗೇ ರೇಸ್ ಆಗ್ತಿದ್ಯಾ, ಬೆರಳು ಟ್ಯಾಂಕಿಗೆ ತಾಗ್ತಿದ್ಯಾ ಅಂತ. ಟೈರ್ ವಿಷಯಾನೂ ಅಷ್ಟೇ. ಹಳೇ ಆರ್15ಗೆ ಹಿಂದೆ 100 ಸೈಜಿನ (ಅಗಲ 100 ಮಿಲಿಮೀಟರ್) ಟೈರು, 2011ರ ಎರಡನೇ ಮಾಡೆಲ್‌ಗೆ 130. ಹೊಸದರ ಲುಕ್ ಬೇಕು ಅಂತ ಹಳೇ ಸಣ್ಣ ರಿಮ್ಮಿಗೇ ಅಗಲದ ಟೈರ್ ಹಾಕಿಸ್ತಾರೆ, ಟೈರ್ ಎರಡೂ ಬದಿ ಒತ್ತಿ ಮಧ್ಯ ಉಬ್ಬುತ್ತೆ, ತಿರುವಿನಲ್ಲಿ ಬೈಕ್ ಮೊದಲಿನ ಥರ ವಾಲೋದಿಲ್ಲ. ಇದನ್ನ ಮಾಡಬಾರದು, ಟೈರ್ ಅಂಗಡಿಯೋರೂ ಬೇಡ ಅಂತ ಹೇಳ್ಬೇಕು.

ಸೈಲೆನ್ಸರ್ ಬಗ್ಗೆ ಬರೀದೇ ಇರೋಕಾಗಲ್ಲ. 80ರಿಂದ 175 ಸಿಸಿ ಬೈಕಿಗೆ ಕಂಪನಿಯಿಂದ ಹೊರಬೀಳುವಾಗ್ಲೇ ಸದ್ದಿನ ಮಿತಿ 77 ಡೆಸಿಬಲ್. 2020ರ ಏಪ್ರಿಲಿಂದ ಬರೋ ಬಿಎಸ್6 (ಹೊಗೆ ಮಿತಿಯ ನಿಯಮ) ಬೈಕುಗಳಲ್ಲಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್ ಎರಡೂ ಎಕ್ಸಾಸ್ಟ್ ದಾರೀಲೇ ಇರ್ತಾವೆ, ಅದನ್ನ ಬಿಚ್ಚಿ ಬಿಸಾಕಿದ್ರೆ ವಿಷದ ಹೊಗೆ ಹಾಗ್ಹಾಗೇ ಹೊರಗೆ ಬರುತ್ತೆ, ಈಗಿನ ಆರ್15ರ 155 ಸಿಸಿ ಇಂಜಿನ್ನಲ್ಲಿ ಪವರ್ ಹೆಚ್ಚಾದಂಗೆ ಅನ್ಸೋದು ಹೆಚ್ಚಾಗಿ ಸದ್ದಿನಿಂದ. ಲುಕ್ಕಿಗೋಸ್ಕರ ಹಿಂದಿನ ಮಡ್‌ಗಾರ್ಡ್, ಸೀರೆ ಗಾರ್ಡ್ ತೆಗೆಯೋದೂ ಇದೇ ಜಾತಿ ತಪ್ಪು. ಹಿಂದಿನ ಚಕ್ರ ಅರ್ಧದಷ್ಟಾದ್ರೂ ಮುಚ್ಚಿರಬೇಕು, ಹಿಂದೆ ಕೂತೋರಿಗೆ ಹಿಡಿಕೆ ಇರಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮ 123ರಲ್ಲೇ ಇದೆ, ಚಕ್ರಕ್ಕೆ ದುಪಟ್ಟಾ, ಸೆರಗು ಸಿಕ್ಕಿದ್ರೆ ಹೋಗೋದು ಹಿಂದೆ ಕೂತ ಅಕ್ಕನದೋ ಅಮ್ಮನದೋ ಜೀವ.

ಈಗ ಕಾನೂನು ನೋಡಿ. ಮೋಟಾರು ವಾಹನ ಕಾಯ್ದೆ ಸೆಕ್ಷನ್ 52ರ ವಿವರಣೇಲಿ, ಬದಲಾವಣೆ ಅಂದ್ರೆ ವಾಹನದ ರಚನೆ ಬದಲಾಗಿ ಅದ್ರ ಮೂಲ ಲಕ್ಷಣಾನೇ ಬದಲಾಗೋದು ಅಂತಿದೆ. ಆರ್‌ಸಿಯಲ್ಲಿರೋ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆ ಆಗೋ ಥರ ಏನೂ ಮಾಡೋ ಹಂಗಿಲ್ಲ ಅಂತ 2019ರ ಜನವರೀಲಿ ಸುಪ್ರೀಂ ಕೋರ್ಟೂ ಹೇಳ್ತು. ಇಲ್ಲಿವರೆಗೂ ಅರ್ಥ ಆಗುತ್ತೆ. ಆದ್ರೆ ಅದೇ ವರ್ಷದ ತಿದ್ದುಪಡೀಲಿ ಬಂದ ಸೆಕ್ಷನ್ 182ಎ ಪ್ರಕಾರ ಅನುಮತಿ ಇಲ್ಲದ ಬಿಡಿಭಾಗ ಕೂರಿಸಿದ್ರೂ ಒಂದೊಂದಕ್ಕೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗ್ಬೋದು. ಅನುಮತಿ ಇರೋದು ಯಾವುದಕ್ಕೆ ಅನ್ನೋದನ್ನ ಹಳ್ಳೀಲಿರೋ ಹುಡುಗ ಎಲ್ಲಿ ನೋಡ್ಬೇಕು? ಅವನು ಕೇಳೋದು ಆಕ್ಸೆಸರೀಸ್ ಅಂಗಡಿಯೋನನ್ನ, ಅಂಗಡಿಯೋನು ಮಾರೋನು, ಬೇಡ ಅಂತ ಯಾಕೆ ಹೇಳ್ತಾನೆ. ದಂಡ ಕಟ್ಟೋದು ಮಾತ್ರ ತಗೊಂಡೋನು.

ಸಾರಿಗೆ ಇಲಾಖೆಯೋರು ಒಂದೇ ಒಂದು ಪುಟದ ಪಟ್ಟಿ ಮಾಡಿ ಕನ್ನಡದಲ್ಲಿ ಪ್ರತಿ ಆರ್‌ಟಿಒ ಗೋಡೆ ಮೇಲೆ, ಡ್ರೈವಿಂಗ್ ಸ್ಕೂಲುಗಳಲ್ಲಿ ಅಂಟಿಸಲಿ, ಐಟಿಐ ಹುಡುಗರಿಂದ ತಿಂಗಳಿಗೊಂದು ಭಾನುವಾರ ಬೈಕ್ ವೈರಿಂಗ್ ಹೇಳಿಕೊಡ್ಸಲಿ. ನಿಮ್ಮ ಪೇಪರೂ ಆ ಪಟ್ಟೀನ ಒಂದ್ಸಲ ಅಚ್ಚು ಹಾಕ್ಲಿ. ಫೋನ್ ಚಾರ್ಜರ್, ರೇಡಿಯೇಟರ್ ಜಾಲರಿ, ಹ್ಯಾಂಡಲ್ ಒಂದು ಇಂಚು ಎತ್ತರ ಮಾಡೋದು, ಫಾಗ್ ಲೈಟು, ಸೈಡ್ ಬ್ಯಾಗಿನ ಕಂಬಿ, ಈ ಐದಕ್ಕೆ ಹೌದೋ ಅಲ್ವೋ ಅಂತ ಮೊದಲು ಬರೆದು ಹಾಕಿದ್ರೂ ಸಾಕು.

ಇಂತಿ,
ಒಬ್ಬ ಓದುಗ, ಹಾಸನ