ಹಳೇ ಪೇಟೆಯ ಪರಂಪರೆ ನಡಿಗೆ ಫಲಕಗಳ ದುಸ್ಥಿತಿ: ನಗರಸಭೆಗೆ ನಿವಾಸಿಗಳ ಮನವಿ

ಇವರಿಗೆ,
ಮಾನ್ಯ ಪೌರಾಯುಕ್ತರು,
ನಗರಸಭೆ ಕಾರ್ಯಾಲಯ.

ಇವರಿಂದ,
ಹಳೇ ಪೇಟೆ ವಾರ್ಡಿನ ನಿವಾಸಿಗಳು.

ವಿಷಯ: ಪರಂಪರೆ ನಡಿಗೆಯ ಕ್ಯೂಆರ್ ಫಲಕಗಳು ಮತ್ತು ಮೊಬೈಲ್ ಆ್ಯಪ್ ಕೆಟ್ಟು ನಿಂತಿರುವ ಬಗ್ಗೆ, ಕೋಟೆ ಬಾಗಿಲಿನ ಫಲಕವನ್ನು ತಕ್ಷಣ ಮುಚ್ಚಿಸುವ ಬಗ್ಗೆ, ಮತ್ತು ನಮ್ಮ ಹಿರಿಯರ ಧ್ವನಿಮುದ್ರಣಗಳನ್ನು ವಾಪಸ್ ಕೊಡುವ ಬಗ್ಗೆ.

ಮಾನ್ಯರೇ,

ನಮಸ್ಕಾರ. ಇದೇ ವಿಷಯಕ್ಕೆ ನಾವು ಹಿಂದೆ ಕೊಟ್ಟ ಅರ್ಜಿಗಳು ನಿಮ್ಮ ಕಡತದಲ್ಲಿ ಇರಬೇಕು. ಇಲ್ಲ ಎಂದಾದರೆ ಸ್ವೀಕೃತಿ ಮುದ್ರೆ ಬಿದ್ದ ಪ್ರತಿಗಳು ನಮ್ಮ ಹತ್ತಿರ ಇವೆ, ತಂದು ತೋರಿಸುತ್ತೇವೆ.

ಮೊದಲು ಇವತ್ತೇ ಆಗಬೇಕಾದ ಕೆಲಸ. ಕೋಟೆ ಬಾಗಿಲಿನ ಪಕ್ಕದ ಫಲಕದ ಮೇಲಿನ ಕೋಡನ್ನು ಸ್ಕ್ಯಾನ್ ಮಾಡಿದರೆ ಕೋಟೆಯ ಕತೆ ಬರುವುದಿಲ್ಲ. ದುಡ್ಡು ಕಟ್ಟಿ ಆಡುವ ಜೂಜಿನ ಸೈಟು ತೆರೆದುಕೊಳ್ಳುತ್ತದೆ. ಫಲಕದ ಮೇಲ್ಗಡೆ ನಗರಸಭೆಯ ಲಾಂಛನ ಇದೆ. ಜನ ಆ ಲಾಂಛನ ನೋಡಿಯೇ ನಂಬಿ ಫೋನ್ ಹಿಡಿಯುತ್ತಾರೆ. ಶಾಲೆಯ ಮಕ್ಕಳು ಪ್ರಾಜೆಕ್ಟಿಗೆ ಅಂತ ಬಂದು ಸ್ಕ್ಯಾನ್ ಮಾಡಿದ್ದಾರೆ. ಅವರ ಜೊತೆ ಬಂದಿದ್ದ ಟೀಚರ್ ಫೋನ್ ಕಿತ್ತುಕೊಂಡು, ಅಕ್ಕಪಕ್ಕದ ನಮ್ಮನ್ನೇ ತರಾಟೆಗೆ ತೆಗೆದುಕೊಂಡರು. ಉತ್ತರ ಕೊಡಬೇಕಾದವರು ನಾವಾ?

ಇದು ಯಾಕೆ ಹೀಗಾಯಿತು ಎಂದು ನಿಮ್ಮ ಕಚೇರಿಯಲ್ಲಿ ಕೇಳಿದರೆ "ಕೋಡ್ ಹಾಳಾಗಿದೆ, ಹೊಸದು ಪ್ರಿಂಟ್ ಹಾಕಿಸಬೇಕು" ಎಂದರು. ಇದು ತಪ್ಪು. ಕೋಡ್ ಹಾಳಾಗಿಲ್ಲ. ಕ್ಯೂಆರ್ ಕೋಡ್ 1994ರಲ್ಲಿ ಜಪಾನಿನ ಡೆನ್ಸೋ ವೇವ್ ಕಂಪನಿ ಕಾರ್ಖಾನೆಯಲ್ಲಿ ವಾಹನಗಳ ಬಿಡಿಭಾಗಗಳ ಲೆಕ್ಕ ಇಡಲು ಮಾಡಿದ್ದು. ಎಣ್ಣೆ, ಕೊಳೆ ಮೆತ್ತಿಕೊಂಡರೂ ಓದಲು ಬರಬೇಕು ಅಂತಲೇ ಅದನ್ನು ರೂಪಿಸಿದ್ದು. ಅತಿ ಹೆಚ್ಚು ರಕ್ಷಣೆ ಇಟ್ಟು ಮುದ್ರಿಸಿದರೆ ಸುಮಾರು ಶೇ 30ರಷ್ಟು ಭಾಗ ಹಾಳಾದರೂ ಫೋನು ಅದನ್ನು ಓದುತ್ತದೆ. ಕೆಟ್ಟಿರುವುದು ಅದರ ಹಿಂದಿನ ವೆಬ್ ವಿಳಾಸ. ಆ ವಿಳಾಸವನ್ನು ಗುತ್ತಿಗೆದಾರರು ತಮ್ಮ ಹೆಸರಿನಲ್ಲಿ ಕೊಂಡಿದ್ದರು. ಅವಧಿ ಮುಗಿದಾಗ ದುಡ್ಡು ಕಟ್ಟಿ ನವೀಕರಿಸಲಿಲ್ಲ. ಬಿಟ್ಟುಹೋದ ವಿಳಾಸವನ್ನು ಯಾರು ಬೇಕಾದರೂ ಕೊಳ್ಳಬಹುದು. ಜೂಜಿನವರು ಕೊಂಡರು. ಅಷ್ಟೇ ಆಗಿದ್ದು. ನಗರಸಭೆಯ ಸ್ವಂತ ವೆಬ್‌ಸೈಟಿನಲ್ಲೇ ಒಂದು ಪುಟ ಮಾಡಿ ಅದಕ್ಕೆ ಕೋಡ್ ಕೊಟ್ಟಿದ್ದರೆ ಈ ದಿನ ಬರುತ್ತಲೇ ಇರಲಿಲ್ಲ.

ಗಡಿಯಾರ ಗೋಪುರದ ಫಲಕದ್ದು ಬೇರೆ ಕತೆ. ಅಲ್ಲಿ ಮೂಲ ಕೋಡಿನ ಮೇಲೆ ಯಾರೋ ಹಣ ಪಾವತಿಯ ಕೋಡ್ ಅಂಟಿಸಿದ್ದಾರೆ. ಕೆಳಗೆ "ಸ್ಮಾರಕ ಸಂರಕ್ಷಣೆಗೆ ದೇಣಿಗೆ" ಎಂದು ಅಚ್ಚು ಹಾಕಿಸಿದ್ದಾರೆ. ಹೊರಗಿನಿಂದ ಬಂದವರು ಒಳ್ಳೆ ಮನಸ್ಸಿನಿಂದ ದುಡ್ಡು ಹಾಕುತ್ತಿದ್ದಾರೆ. ನಾವು ಉಗುರಿನಲ್ಲಿ ಕೆರೆದು ಆ ಸ್ಟಿಕರ್ ತೆಗೆದೆವು, ಮತ್ತೆ ಅಂಟಿಸಿದರು. ನಿಮ್ಮಲ್ಲಿ ದೂರು ಕೊಟ್ಟರೆ "ಪೊಲೀಸರಿಗೆ ಹೇಳಿ" ಎಂದರು. ಪೊಲೀಸರು "ಫಲಕ ಯಾರದ್ದೋ ಅವರೇ ದೂರು ಕೊಡಬೇಕು" ಎಂದರು. ಫಲಕ ಯಾರದ್ದು ಸ್ವಾಮಿ?

ಈ ಪ್ರಶ್ನೆಗೆ ಇವತ್ತಿನವರೆಗೂ ಉತ್ತರ ಸಿಕ್ಕಿಲ್ಲ. ಉದ್ಘಾಟನೆ ಆದ ಮೇಲೆ ಬಂದ ಮೊದಲ ಮಳೆಗೇ ನಾಲ್ಕೈದು ಫಲಕಗಳ ಒಳಗೆ ನೀರು ಹೋಗಿ ಅಕ್ಷರ ಕಲಸಿಹೋದವು. ಆಗ ಮೊದಲ ಅರ್ಜಿ ಕೊಟ್ಟೆವು. ಎಂಜಿನಿಯರಿಂಗ್ ವಿಭಾಗದವರು ಇದು ಪ್ರವಾಸೋದ್ಯಮದ ಯೋಜನೆ ಎಂದರು. ಅಲ್ಲಿಗೆ ಹೋದರೆ, ನಾವು ಅನುದಾನ ಕೊಟ್ಟಿದ್ದಷ್ಟೇ, ನಿರ್ವಹಣೆ ನಗರಸಭೆಯದ್ದು ಎಂದರು. ವಾಪಸ್ ಬಂದರೆ ಐಟಿ ಶಾಖೆಗೆ ಕಳಿಸಿದರು. ಐಟಿ ಶಾಖೆಯವರು ಪಾಸ್‌ವರ್ಡ್ ಗುತ್ತಿಗೆದಾರರ ಹತ್ತಿರ ಇದೆ, ಅವರ ಅವಧಿ ಮುಗಿದಿದೆ ಎಂದು ಕೈಚೆಲ್ಲಿದರು. ಆಮೇಲೆ ದೂರಿನ ಪೋರ್ಟಲ್‌ನಲ್ಲಿ ಹಾಕಿದೆವು. ಅಲ್ಲಿ ಆಯ್ಕೆ ಮಾಡಲು "ರಸ್ತೆ", "ಚರಂಡಿ", "ಬೀದಿದೀಪ" ಇವೆ, "ಪರಂಪರೆ" ಅನ್ನುವುದೇ ಇಲ್ಲ. "ಇತರೆ" ಅಂತ ಹಾಕಿದ ದೂರು "ಪರಿಹರಿಸಲಾಗಿದೆ" ಎಂದು ಮುಚ್ಚಿಹೋಯಿತು. ಏನು ಪರಿಹರಿಸಿದಿರಿ? ಯಾರು ಬಂದು ನೋಡಿದರು? ಮತ್ತೆ ತೆರೆದೆವು, ಮತ್ತೆ ಮುಚ್ಚಿದಿರಿ. ವಾರ್ಡ್ ಸಭೆಯಲ್ಲಿ ಎದ್ದು ನಿಂತು ಕೇಳಿದಾಗ "ಕುಡಿಯೋ ನೀರಿನ ಸಮಸ್ಯೆ ಇರುವಾಗ ಇದೆಲ್ಲ ಬೇಕಾ" ಎಂದು ಕೂರಿಸಿದರು. ಕುಡಿಯುವ ನೀರಿನ ದೂರೂ ನಮ್ಮದೇ, ಅದೂ ಹಾಗೇ ಬಿದ್ದಿದೆ. ಒಂದನ್ನು ತೋರಿಸಿ ಇನ್ನೊಂದನ್ನು ತಳ್ಳಿಹಾಕುವುದು ಉತ್ತರವಲ್ಲ.

ಇನ್ನು ಆ್ಯಪ್. ಫೋನ್ ಎತ್ತಿ ಹಿಡಿದರೆ ಹಳೇ ಮಾರುಕಟ್ಟೆಯ ಕಪ್ಪು ಬಿಳುಪು ಚಿತ್ರ ಈಗಿನ ಕಟ್ಟಡದ ಮೇಲೆ ಕೂತು ಕಾಣುತ್ತದೆ, ನಡೆಯುತ್ತಾ ಹೋದಂತೆ ಆಯಾ ಜಾಗದ ಕತೆ ತಾನಾಗಿ ಕೇಳುತ್ತದೆ ಎಂದು ವೇದಿಕೆ ಮೇಲೆ ಹೇಳಿದ್ದಿರಿ. ಹೊಸ ಫೋನುಗಳಲ್ಲಿ ಅದು ಈಗ ಇನ್‌ಸ್ಟಾಲ್ ಆಗುವುದೇ ಇಲ್ಲ. ಹಳೇ ಫೋನಿನಲ್ಲಿ ಉಳಿದುಕೊಂಡಿರುವ ಕಡೆಯೂ ಎಡವಟ್ಟು ಜಾಸ್ತಿ. ಛತ್ರದ ಮುಂದೆ ನಿಂತರೆ ಹಿಂದಿನ ಬೀದಿಯ ಮಂಟಪದ ಕತೆ ಶುರುವಾಗುತ್ತದೆ. ಬಯಲಿನಲ್ಲಿ ಸಾಮಾನ್ಯ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ. ಎರಡೂ ಕಡೆ ಎತ್ತರದ ಗೋಡೆ ಇರುವ ಗಲ್ಲಿಯಲ್ಲಿ ಸಿಗ್ನಲ್ ಗೋಡೆಗೆ ಬಡಿದು ತಿರುಗಿ ಬರುವುದರಿಂದ ಲೆಕ್ಕ ಇನ್ನೂ ತಪ್ಪುತ್ತದೆ. ಹಳೇ ಪೇಟೆ ಅಂದರೆ ಗಲ್ಲಿಗಳೇ ಅಲ್ವಾ? ಇದನ್ನು ಮಾಡಿದವರು ಒಮ್ಮೆಯಾದರೂ ನಮ್ಮ ಗಲ್ಲಿಯಲ್ಲಿ ಫೋನ್ ಹಿಡಿದು ನಡೆದಿದ್ದರೆ ಗೊತ್ತಾಗುತ್ತಿತ್ತು. ಜೊತೆಗೆ ಕತೆ ಕೇಳಿಸುವ ಆ್ಯಪಿಗೆ ನಮ್ಮ ಕಾಂಟ್ಯಾಕ್ಟ್ ಪಟ್ಟಿ ಯಾಕೆ ಬೇಕಿತ್ತು? ಅನುಮತಿ ಕೊಡದಿದ್ದರೆ ಮುಂದಕ್ಕೇ ಹೋಗುತ್ತಿರಲಿಲ್ಲ. ಅವತ್ತು ತೆಗೆದುಕೊಂಡ ನಮ್ಮ ಮಾಹಿತಿ ಈಗ ಯಾರ ಹತ್ತಿರ ಇದೆ?

ಬರಹದ ಗತಿಯನ್ನೂ ಹೇಳಬೇಕು. ಇಂಗ್ಲಿಷಿನಲ್ಲಿ ಪುಟಗಟ್ಟಲೆ ಇದೆ, ಕನ್ನಡದಲ್ಲಿ ನಾಲ್ಕು ಸಾಲು. ಆ ನಾಲ್ಕು ಸಾಲೂ ಯಂತ್ರ ಮಾಡಿದ ಅನುವಾದ. ಒತ್ತಕ್ಷರಗಳು ಬಿಡಿಬಿಡಿಯಾಗಿ ಚೆಲ್ಲಿಕೊಂಡಿವೆ. ತಿದ್ದಿ ಕೊಡುತ್ತೇವೆ, ಒಂದು ಪೈಸೆಯೂ ಬೇಡ ಎಂದು ನಮ್ಮ ವಾರ್ಡಿನ ನಿವೃತ್ತ ಮೇಷ್ಟ್ರು ಬರೆದುಕೊಟ್ಟಿದ್ದರು. ಅದನ್ನು ತೆಗೆದು ನೋಡಿದವರೂ ಇಲ್ಲ.

ಈಗ ನಮಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿರುವ ಸಂಗತಿ. ಯೋಜನೆ ಶುರುವಾದಾಗ ಮೈಕ್ ಹಿಡಿದುಕೊಂಡು ಹುಡುಗರು ಮನೆ ಮನೆಗೆ ಬಂದರು. ನಾವು ಚಾಪೆ ಹಾಸಿ ಕೂರಿಸಿ, ಹಿರಿಯರನ್ನು ಕರೆದು ಮಾತಾಡಿಸಿದೆವು. ಟ್ರಂಕಿನೊಳಗಿದ್ದ ಹಳೇ ಫೋಟೋಗಳನ್ನು ಕೊಟ್ಟೆವು. ದೊಡ್ಡ ಬಾವಿಯ ಕಲ್ಲಿನ ಕಟ್ಟೆ ನೀವು ನೋಡಿರಬಹುದು. ಹಗ್ಗ ಉಜ್ಜಿ ಉಜ್ಜಿ ಅಂಚಿನಲ್ಲಿ ಗೀರುಗಳು ಬಿದ್ದಿವೆ, ಹೆಬ್ಬೆರಳು ಪೂರ್ತಿ ಕೂರುವಷ್ಟು ಆಳ. ಬಾವಿಯ ಎದುರು ಮನೆಯ ಅಜ್ಜಿ ಯಾವ ಗೀರು ಯಾವ ಮನೆಯವರದ್ದು, ಯಾರು ಎಲ್ಲಿ ನಿಂತು ಸೇದುತ್ತಿದ್ದರು, ಯಾರನ್ನು ಹತ್ತಿರ ಸೇರಿಸುತ್ತಿರಲಿಲ್ಲ ಎಂಬುದನ್ನೆಲ್ಲ ಬಿಚ್ಚಿ ಹೇಳಿದ್ದರು. ಯಾವ ಗೆಜೆಟಿಯರಿನಲ್ಲೂ ಇದು ಇಲ್ಲ. ಬಾವಿ ಮುಂದೆ ನಿಂತು ಕಿವಿಗೆ ಇಯರ್‌ಫೋನ್ ಹಾಕಿ ಆ ದನಿ ಕೇಳಿದವರು ಕಟ್ಟೆಯ ಮೇಲೆ ಕೈ ಆಡಿಸದೆ ಹೋಗುತ್ತಿರಲಿಲ್ಲ. ಫೋನು ಮಾಡಬಹುದಾದ ಒಳ್ಳೆಯ ಕೆಲಸ ಅಂದರೆ ಇದು. ಪುಸ್ತಕದಲ್ಲಿ ಓದುವುದು ಬೇರೆ, ಅದೇ ಜಾಗದಲ್ಲಿ ನಿಂತು ಅಲ್ಲೇ ಬಾಳಿದವರ ಬಾಯಲ್ಲಿ ಕೇಳುವುದು ಬೇರೆ.

ಆ ಅಜ್ಜಿ ಈಗಿಲ್ಲ. ಅವರ ಮಗ ಧ್ವನಿಯ ಒಂದು ಪ್ರತಿ ಕೊಡಿ ಎಂದು ನಿಮ್ಮ ಕಚೇರಿಯ ಬೆಂಚಿನಲ್ಲಿ ಕೂತು ಕೂತು ವಾಪಸ್ ಬಂದಿದ್ದಾರೆ. "ಸರ್ವರ್ ಬಂದ್ ಆಗಿದೆ" ಎಂಬ ಮಾತು ಬಿಟ್ಟರೆ ಬೇರೆ ಏನೂ ಸಿಕ್ಕಿಲ್ಲ. ಸರ್ವರಿನ ಖರ್ಚು ಎಂದು ದಯವಿಟ್ಟು ಹೇಳಬೇಡಿ. ಮಾತಿನ ಧ್ವನಿಯನ್ನು ಸೆಕೆಂಡಿಗೆ 64 ಕಿಲೋಬಿಟ್, ಅಂದರೆ 64 ಕೆಬಿಪಿಎಸ್‌ನಲ್ಲಿ ಇಟ್ಟರೆ ನಿಮಿಷಕ್ಕೆ ಅರ್ಧ ಎಂಬಿಯೂ ಆಗುವುದಿಲ್ಲ. ನಮ್ಮ ವಾರ್ಡಿನ ಎಲ್ಲ ಹಿರಿಯರ ಮಾತೂ ಒಂದು ಪೆನ್‌ಡ್ರೈವಿನಲ್ಲಿ ಹಿಡಿಸುತ್ತದೆ. ಯುನೆಸ್ಕೋ 2003ರಲ್ಲೇ ಡಿಜಿಟಲ್ ಪರಂಪರೆಯ ಸನ್ನದು ಹೊರಡಿಸಿ, ಇಂಥವು ಕಳೆದುಹೋಗಲು ಯಂತ್ರ ಹಳತಾಗುವುದು ಒಂದೇ ಕಾರಣವಲ್ಲ, ನೋಡಿಕೊಳ್ಳುವ ಹೊಣೆ ಯಾರದ್ದು, ದುಡ್ಡು ಎಲ್ಲಿಂದ ಎಂಬುದು ಗೊತ್ತಿಲ್ಲದಿರುವುದೂ ಕಾರಣ ಎಂದು ಹೇಳಿತ್ತು. ನಮ್ಮಲ್ಲಿ ಆಗಿರುವುದು ಅಕ್ಷರಶಃ ಅದೇ. ಕಟ್ಟಡ ಬಿದ್ದರೆ ಸುದ್ದಿಯಾಗುತ್ತದೆ. ದನಿಗಳು ಅಳಿಸಿಹೋದರೆ ಯಾರಿಗೂ ಕಾಣುವುದಿಲ್ಲ ಎಂಬ ಧೈರ್ಯ ನಿಮಗಿದ್ದರೆ, ನಾವು ನೋಡುತ್ತಿದ್ದೇವೆ ಎಂದು ಈ ಮೂಲಕ ತಿಳಿಸುತ್ತಿದ್ದೇವೆ.

ಫಲಕ ಸರಿಯಾದರೂ ಅದರ ತನಕ ನಡೆದು ಹೋಗುವುದು ಹೇಗೆ ಎಂಬುದು ಮುಂದಿನ ಪ್ರಶ್ನೆ. ಕೋಟೆ ಬಾಗಿಲಿನಿಂದ ಬಾವಿಯವರೆಗೆ ಫುಟ್‌ಪಾತಿನ ಕಲ್ಲುಗಳು ಎದ್ದಿವೆ, ಎರಡು ಕಡೆ ಚರಂಡಿ ಬಾಯಿ ತೆರೆದುಕೊಂಡಿದೆ. ಫೋನ್ ನೋಡಿಕೊಂಡು ನಡೆಯಿರಿ ಎಂದು ಕರೆದವರು ನೀವು. ಹಾಗೆ ನಡೆಯುತ್ತಾ ಚರಂಡಿಗೆ ಕಾಲು ಹಾಕಿ ಒಬ್ಬರು ಮೂಳೆ ಮುರಿದುಕೊಂಡರು. ಮಂಟಪದ ಫಲಕದ ಮುಂದೆ ಕಸದ ಗಾಡಿ ನಿಲ್ಲುತ್ತದೆ. ಛತ್ರದ ಗೋಡೆಗೆ ವಿದ್ಯುತ್ ಪೆಟ್ಟಿಗೆ ಕೂರಿಸಿದ್ದಾರೆ, ಶಾಸನದ ಅರ್ಧ ಅದರ ಹಿಂದೆ ಇದೆ. ಕೇಬಲ್‌ಗಳು ತಲೆಗೆ ತಾಗುವಷ್ಟು ಕೆಳಗೆ ಜೋತಾಡುತ್ತಿವೆ. ಸಂಜೆ ಆದ ಮೇಲೆ ಬೀದಿದೀಪ ಇಲ್ಲ. ಉಚಿತ ವೈಫೈ ಎಂದು ನೆಟ್ಟ ಕಂಬಕ್ಕೆ ಈಗ ಬಟ್ಟೆ ಒಣಹಾಕುವ ಹಗ್ಗ ಕಟ್ಟಿದ್ದಾರೆ. ಗಾಲಿಕುರ್ಚಿಯಲ್ಲಿ ಬರುವವರಿಗೆ ಒಂದೇ ಒಂದು ಕಡೆ ಇಳಿಜಾರು ಇಲ್ಲ. ಫಲಕಗಳೂ ನಿಂತವರ ಕಣ್ಣಿನ ಮಟ್ಟಕ್ಕೇ ಇವೆ.

ಇಂಥ ಫಲಕಗಳನ್ನು ಸರಿಯಾಗಿ ಮಾಡಲು ಬೇರೆ ಊರಿನವರಿಗೆ ಸಾಧ್ಯವಾಗಿದೆ. ವೇಲ್ಸ್‌ನ ಮನ್‌ಮತ್ ಎಂಬ ಚಿಕ್ಕ ಊರಿನಲ್ಲಿ 2012ರಲ್ಲಿ ಊರಿನವರು, ಸ್ಥಳೀಯ ಆಡಳಿತ ಮತ್ತು ವಿಕಿಪೀಡಿಯ ಸ್ವಯಂಸೇವಕರು ಸೇರಿ ಊರಿನ ತುಂಬ ಕ್ಯೂಆರ್ ಫಲಕ ಹಾಕಿದರು. ಹೊರಗೆ ಹಾಕಿದವು ಮಳೆ ಬಿಸಿಲಿಗೆ ತಡೆಯುವ ಸೆರಾಮಿಕ್ ಫಲಕಗಳು. ಆ ಕೋಡುಗಳು ಓದುವವರ ಫೋನ್ ಯಾವ ಭಾಷೆಯಲ್ಲಿದೆಯೋ ಆ ಭಾಷೆಯ ವಿಕಿಪೀಡಿಯ ಲೇಖನವನ್ನೇ ತೆರೆಯುತ್ತವೆ. ಅದಕ್ಕೆ ಆ್ಯಪ್ ಬೇಕಿಲ್ಲ, ಒಬ್ಬ ಗುತ್ತಿಗೆದಾರರ ಪಾಸ್‌ವರ್ಡ್ ಮೇಲೆ ಇಡೀ ಬರಹ ನಿಂತಿರುವುದೂ ಇಲ್ಲ. ಲಂಡನ್ ಮ್ಯೂಸಿಯಂ 2010ರಲ್ಲೇ ಹಳೇ ಫೋಟೋಗಳನ್ನು ಈಗಿನ ಬೀದಿಯ ಮೇಲೆ ತೋರಿಸುವ ಆ್ಯಪ್ ತಂದಿತ್ತು. ಅಂದರೆ ದಾರಿ ಹೊಸದಲ್ಲ, ಯಾರೋ ನಡೆದು ತೋರಿಸಿದ್ದಾರೆ. ಚಾರಿತ್ರಿಕ ನಗರ ಪ್ರದೇಶಗಳ ಬಗ್ಗೆ ಯುನೆಸ್ಕೋ 2011ರಲ್ಲಿ ಕೊಟ್ಟ ಶಿಫಾರಸಿನಲ್ಲಿ ಅಲ್ಲಿ ಬಾಳುವ ಜನರನ್ನು ಸೇರಿಸಿಕೊಂಡೇ ಕೆಲಸ ಮಾಡಬೇಕು ಎಂದಿದೆ. ನಮ್ಮನ್ನು ಸೇರಿಸಿಕೊಂಡಿದ್ದು ಉದ್ಘಾಟನೆಯ ದಿನ ಕುರ್ಚಿ ತುಂಬಲು ಮಾತ್ರ.

ಆದ್ದರಿಂದ ನಾವು ಕೇಳುವುದು ಇಷ್ಟು. ಕೋಟೆ ಬಾಗಿಲು ಮತ್ತು ಗಡಿಯಾರ ಗೋಪುರದ ಕೋಡುಗಳ ಮೇಲೆ ಇವತ್ತೇ ಬಣ್ಣ ಬಳಿಸಿ ಮುಚ್ಚಿಸಿ. ಇದಕ್ಕೆ ಟೆಂಡರ್ ಬೇಕಿಲ್ಲ, ಒಬ್ಬ ಆಳು, ಒಂದು ಡಬ್ಬಿ ಬಣ್ಣ ಸಾಕು. ಹಳೇ ಗುತ್ತಿಗೆದಾರರಿಗೆ ನೋಟಿಸ್ ಕೊಟ್ಟು ಧ್ವನಿಮುದ್ರಣ, ಫೋಟೋ, ಬರಹ ಎಲ್ಲವನ್ನೂ ಮೂಲ ಕಡತಗಳ ರೂಪದಲ್ಲಿ ತರಿಸಿಕೊಳ್ಳಿ. ಒಂದು ಪ್ರತಿ ಆಯಾ ಮನೆಯವರಿಗೆ, ಒಂದು ನಗರದ ಸಾರ್ವಜನಿಕ ಗ್ರಂಥಾಲಯಕ್ಕೆ ಕೊಡಿ. ಮನೆಯವರು ಒಪ್ಪಿದ್ದನ್ನು ಮಾತ್ರ ಎಲ್ಲರೂ ಬಳಸುವಂತೆ ಮುಕ್ತವಾಗಿ ಇಡಿ. ಹೊಸ ಆ್ಯಪ್ ಮಾಡಿಸಲು ಹೊರಡಬೇಡಿ. ನಗರಸಭೆಯ ಸ್ವಂತ ವಿಳಾಸದಲ್ಲಿ ಸಾದಾ ವೆಬ್ ಪುಟಗಳು ಸಾಕು. ಕನ್ನಡ ಮೊದಲು, ಧ್ವನಿ ಮೊದಲು, ಬೇಕಾದವರು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ನೆಟ್‌ವರ್ಕ್ ಇಲ್ಲದ ಗಲ್ಲಿಯಲ್ಲೂ ಕೇಳುವ ಹಾಗೆ. ಪ್ರತಿ ಫಲಕದ ಕೆಳಗೆ ಹೊಣೆ ಹೊತ್ತ ಶಾಖೆಯ ಹೆಸರು, ದೂರವಾಣಿ ಸಂಖ್ಯೆ ಮತ್ತು ಕೋಡ್ ತೆರೆಯಬೇಕಾದ ವಿಳಾಸ ಕಣ್ಣಿಗೆ ಕಾಣುವ ಅಕ್ಷರದಲ್ಲಿ ಇರಲಿ. ಆಗ ಯಾರಾದರೂ ಮೇಲೆ ಬೇರೆ ಸ್ಟಿಕರ್ ಅಂಟಿಸಿದರೆ ಗೊತ್ತಾಗುತ್ತದೆ. ಮುಂದಿನ ಬಜೆಟ್ಟಿನಲ್ಲಿ ಇದರ ನಿರ್ವಹಣೆಗೆ ಬೇರೆ ಶೀರ್ಷಿಕೆ ಇಡಿ. ಫುಟ್‌ಪಾತು, ಚರಂಡಿ, ದೀಪದ ಕೆಲಸಕ್ಕೆ ಎಂಜಿನಿಯರನ್ನು ಕಳಿಸಿ, ನಾವೇ ಜೊತೆಗೆ ನಡೆದು ತೋರಿಸುತ್ತೇವೆ.

ಓದಿ ತಿದ್ದಲು, ಧ್ವನಿ ಕೊಡಲು, ಫಲಕ ಒರೆಸಲು ನಮ್ಮ ವಾರ್ಡಿನ ಜನ ಇದ್ದಾರೆ. ಹಿಂದೆಯೂ ಹೇಳಿದ್ದೆವು, ಈಗಲೂ ಹೇಳುತ್ತಿದ್ದೇವೆ. ಆದರೆ "ಪರಿಶೀಲಿಸಲಾಗುವುದು" ಎಂಬ ಒಂದು ಸಾಲಿನ ಉತ್ತರ ಇನ್ನು ಬೇಡ. ಯಾವ ಕೆಲಸ, ಯಾವ ಶಾಖೆ, ಯಾವ ದಿನಾಂಕದೊಳಗೆ ಎಂದು ಲಿಖಿತವಾಗಿ ಬೇಕು. 15 ದಿನಗಳೊಳಗೆ ಅದು ಬರದಿದ್ದರೆ ಜಿಲ್ಲಾಧಿಕಾರಿಗಳ ಬಳಿ ಹೋಗುತ್ತೇವೆ. ಕೋಟೆ ಬಾಗಿಲಿನ ಕೋಡಿಗೆ ಮಾತ್ರ ಆ 15 ದಿನವೂ ಇಲ್ಲ. ನಾಳೆ ಬೆಳಿಗ್ಗೆಯೊಳಗೆ ನೀವು ಮುಚ್ಚಿಸದಿದ್ದರೆ ನಾವೇ ಬಣ್ಣ ಬಳಿಯುತ್ತೇವೆ. ಆಮೇಲೆ ಸಾರ್ವಜನಿಕ ಆಸ್ತಿಗೆ ಹಾನಿ ಎಂದು ನಮ್ಮ ಮೇಲೆ ದೂರು ಕೊಡುವುದಾದರೆ ಕೊಡಿ. ಆಗಲಾದರೂ ಫಲಕ ಯಾರದ್ದು ಎಂದು ಬರವಣಿಗೆಯಲ್ಲಿ ಒಪ್ಪಿಕೊಂಡ ಹಾಗಾಗುತ್ತದೆ.

ವಂದನೆಗಳೊಂದಿಗೆ,

ಇಂತಿ,
ಹಳೇ ಪೇಟೆ ವಾರ್ಡಿನ ನಿವಾಸಿಗಳು
(ಸಹಿಗಳ ಹಾಳೆ, ಫಲಕಗಳ ಫೋಟೋಗಳು ಮತ್ತು ಹಿಂದಿನ ಅರ್ಜಿಗಳ ಪ್ರತಿಗಳನ್ನು ಲಗತ್ತಿಸಿದೆ)