ಬೋಸ್ಟನ್ನಿನ ವಕೀಲನ ಬಗ್ಗೆ ಬರೆಯುತ್ತಿರುವ ತಂಗಿಗೆ

ಪ್ರೀತಿಯ ತಂಗಿ,

ಬೋಸ್ಟನ್ನಿನಲ್ಲಿ ಜನರ ಮೇಲೆ ಗುಂಡು ಹಾರಿಸಿದ ಬ್ರಿಟಿಷ್ ಸಿಪಾಯಿಗಳ ಪರ ವಾದಿಸಿದ, ಮುಂದೆ ಅಮೆರಿಕದ ಅಧ್ಯಕ್ಷನೂ ಆದ ಜಾನ್ ಆಡಮ್ಸ್ ಮೇಲಿನ ನಿನ್ನ ಲೇಖನವನ್ನು ಎರಡು ಸಲ ಓದಿದೆ. ಭಾಷೆ ಚೆನ್ನಾಗಿದೆ. ಆದರೆ ಮೊದಲ ಪುಟದಲ್ಲೇ ಅವನನ್ನು ದೇವರ ಗೂಡಿನಲ್ಲಿ ಕೂರಿಸಿಬಿಟ್ಟಿದ್ದೀಯ. ಓದುವವರಿಗೆ ಕೈ ಮುಗಿಯೋದು ಬಿಟ್ಟರೆ ಬೇರೆ ಕೆಲಸವೇ ಇಲ್ಲ.

1770ರ ಮಾರ್ಚ್ 5ರ ರಾತ್ರಿಯನ್ನು ಎರಡೇ ಸಾಲಿನಲ್ಲಿ ಮುಗಿಸಿದ್ದೀಯ. ಅಲ್ಲೇ ನಿಲ್ಲಬೇಕಿತ್ತು. ಆಗ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಬೋಸ್ಟನ್ನಿನ ಕಿಂಗ್ ಬೀದಿಯಲ್ಲಿ ಹಿಮ ಬಿದ್ದಿದೆ. ಕಾವಲಿಗೆ ನಿಂತ ಒಬ್ಬ ಬ್ರಿಟಿಷ್ ಸಿಪಾಯಿಯ ಸುತ್ತ ಜನ ಸೇರಿದ್ದಾರೆ. ಹಿಮದ ಉಂಡೆ, ದೊಣ್ಣೆ, ಬೈಗುಳ. ಅವನ ನೆರವಿಗೆ ಕ್ಯಾಪ್ಟನ್ ಪ್ರೆಸ್ಟನ್ ಏಳು ಜನರನ್ನು ಕರೆತರುತ್ತಾನೆ. ಗುಂಡು ಹಾರಿ ಐದು ಜನ ಸಾಯುತ್ತಾರೆ. ಬೋಸ್ಟನ್ನಿನ ಅಕ್ಕಸಾಲಿಗ ಪಾಲ್ ರೆವಿಯರ್ ಅದೇ ತಿಂಗಳು ಅಚ್ಚು ಹಾಕಿ ಮಾರಿದ ಚಿತ್ರದಲ್ಲಿ ಸಿಪಾಯಿಗಳು ಸಾಲಾಗಿ ನಿಂತು, ಕ್ಯಾಪ್ಟನ್ ಸನ್ನೆಗೆ ಗುಂಡು ಹೊಡೆಯುತ್ತಿದ್ದಾರೆ. ವಿಚಾರಣೆ ಶುರುವಾದದ್ದು ಅಕ್ಟೋಬರ್ ಕೊನೆಯಲ್ಲಿ. ಬೀದಿ ಮಾತ್ರ ಮಾರ್ಚಿನಲ್ಲೇ ತೀರ್ಪು ಕೊಟ್ಟಾಗಿತ್ತು. ಇಷ್ಟು ತೋರಿಸಿದರೆ 'ಧೈರ್ಯ' ಅನ್ನೋ ಪದವನ್ನು ನೀನು ಬಳಸಬೇಕಾಗಿಯೇ ಇಲ್ಲ.

ಆಡಮ್ಸ್ ಒಬ್ಬನೇ ವಾದ ಮಾಡಲಿಲ್ಲ. ಜೊತೆಗೆ ಜೋಸಯಾ ಕ್ವಿನ್ಸಿ ಅನ್ನೋ ಇನ್ನೊಬ್ಬ ವಕೀಲ ಇದ್ದ. ಮಗ ಕೊಲೆಗಾರರ ಪರ ನಿಂತಿದ್ದಾನೆ ಅಂತ ಕೇಳಿ ಅವನ ಅಪ್ಪ ಗಾಬರಿಯಾಗಿ ಕಾಗದ ಬರೆದರು. ಸಿಪಾಯಿಗಳ ಅಪರಾಧ ಇನ್ನೂ ಸಾಬೀತಾಗಿಲ್ಲ, ಕಾನೂನಿನ ನೆರವು ಅವರಿಗೂ ಸಿಗಬೇಕು ಅಂತ ಮಗ ಉತ್ತರಿಸಿದ. ಸಿಪಾಯಿಗಳ ವಿರುದ್ಧ ವಾದಿಸಿದವನು ಯಾರು ಗೊತ್ತಲ್ವಾ? ಜೋಸಯಾನ ಅಣ್ಣ ಸ್ಯಾಮ್ಯುಯೆಲ್! ಬ್ರಿಟಿಷ್ ರಾಜನ ಕಡೆ ಒಲವಿದ್ದ ಅಣ್ಣ ಸಿಪಾಯಿಗಳ ವಿರುದ್ಧ, ರಾಜನ ಆಳ್ವಿಕೆಯನ್ನು ಟೀಕಿಸುತ್ತಿದ್ದ ತಮ್ಮ ಅವರ ಪರ. ಇಂಥದ್ದನ್ನು ಬಿಟ್ಟು ಯಾರಾದರೂ ಬರೀತಾರಾ?

ಇನ್ನು ನೀನು ಬೇಕಂತಲೇ ಬಿಟ್ಟದ್ದು. ಗುಂಪಿನಲ್ಲಿದ್ದವರು ಪುಂಡ ಹುಡುಗರು, ಕರಿಯರು, ಐರಿಷರು, ಹೊರಗಿನ ನಾವಿಕರು ಅಂತ ಆಡಮ್ಸ್ ಜ್ಯೂರಿಯ ಮುಂದೆ ಹಗುರವಾಗಿ ಮಾತಾಡಿದ. ಸತ್ತವರಲ್ಲಿ ಒಬ್ಬನಾದ ಕ್ರಿಸ್ಪಸ್ ಅಟಕ್ಸ್‌ನ ಮುಖ ನೋಡಿದರೇ ಭಯವಾಗುತ್ತಿತ್ತು ಅಂದ. ಅದು ಕೆಟ್ಟ ಮಾತು. ಆದರೂ ಬರಿ. ನಾನೂ ಹಿಂದೊಮ್ಮೆ ಒಬ್ಬ ವಕೀಲರ ಬಗ್ಗೆ ಒಳ್ಳೆಯದನ್ನಷ್ಟೇ ಬರೆದಿದ್ದೆ. ಅವರ ಮಗಳೇ ಓದಿ, "ಚೆನ್ನಾಗಿದೆ, ಆದ್ರೆ ಇದು ನಮ್ಮಪ್ಪ ಅಲ್ಲ" ಅಂದುಬಿಟ್ಟರು.

ಒಂದು ತಿದ್ದುಪಡಿ. ಎಲ್ಲರೂ ಬಿಡುಗಡೆಯಾದರು ಅಂತ ಬರೆದಿದ್ದೀಯ. ಪ್ರೆಸ್ಟನ್ ಮತ್ತು ಆರು ಸಿಪಾಯಿಗಳು ಬಿಡುಗಡೆಯಾದರು, ನಿಜ. ಇನ್ನಿಬ್ಬರು ಕೊಲೆಗಿಂತ ಕಡಿಮೆ ಅಪರಾಧವಾದ ನರಹತ್ಯೆಯ ಅಪರಾಧಿಗಳಾದರು. ಹಳೆಯ ಇಂಗ್ಲಿಷ್ ಕಾನೂನಿನ ಒಂದು ರಿಯಾಯಿತಿಯಿಂದ ಗಲ್ಲು ತಪ್ಪಿತು, ಹೆಬ್ಬೆರಳಿಗೆ ಬರೆ ಬಿತ್ತು.

ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀಯ. ನಾನಾಗಿದ್ದರೆ ಪ್ಯಾಟ್ರಿಕ್ ಕಾರ್‌ನಿಂದ. ಗುಂಡೇಟು ತಿಂದು ಒಂಬತ್ತು ದಿನ ನರಳಿದವನು. ತನಗೆ ಗುಂಡು ಹೊಡೆದವನು ಯಾರೇ ಇರಲಿ, ಅವನ ಮೇಲೆ ಸಿಟ್ಟಿಲ್ಲ ಅಂತ ಡಾಕ್ಟರ ಹತ್ತಿರ ಹೇಳಿ ಸತ್ತ. ಡಾಕ್ಟರು ಅದನ್ನೇ ಕೋರ್ಟಿನಲ್ಲಿ ಹೇಳಿದರು. ಸಿಪಾಯಿಗಳಿಗೆ ಅದರಿಂದ ತುಂಬಾ ಸಹಾಯವಾಯಿತು. ಕಾರ್ ಐರಿಷ್‌ನವನು.

ಮುಂದಿನ ಕರಡು ಕಳಿಸು.

ಇಂತಿ,
ನಿನ್ನ ಅಣ್ಣ